ಸೇತುವೆಯ ಬಳಿ ಬಿಟ್ಟ ಚಪ್ಪಲಿ

ಮೊನ್ನೆ ಬೆಳಿಗ್ಗೆ ಅಲ್ಲಾಳಸಂದ್ರದ ಕೆರೆ ಸುತ್ತುತ್ತಿದ್ದಾಗ ನೀರಿನಂಚಿನ ಮೆಟ್ಟಿಲ ಮೇಲೆ ಒಂದು ಜೊತೆ ಚಪ್ಪಲಿ ಕಂಡಿತು. ಹೆಂಗಸಿನ ಚಪ್ಪಲಿ, ಅಚ್ಚುಕಟ್ಟಾಗಿ ಜೋಡಿಸಿಟ್ಟದ್ದು. ಮೆಟ್ಟಿಲ ಹತ್ತಿರ ಯಾರೂ ಇಲ್ಲ. ನಾನು ಅಲ್ಲೇ ನಿಂತುಬಿಟ್ಟೆ. ವಾಕಿಂಗಿಗೆ ಬಂದವರೆಲ್ಲ ಅದನ್ನು ನೋಡಿಯೂ ನೋಡದಂತೆ ಹೋಗುತ್ತಿದ್ದರು. ನಾನೊಬ್ಬಳು ಹೀಗೆ ನಿಲ್ಲುವುದಕ್ಕೆ ಕಾರಣ ನಮ್ಮತ್ತೆ.

ಅತ್ತೆ ಎಂದರೆ ಅಪ್ಪನ ಅಕ್ಕ. ಅಮ್ಮ ತೀರಿಕೊಂಡ ಮೇಲೆ ಜಾಲಹಳ್ಳಿಯ ನಮ್ಮ ಕ್ವಾರ್ಟರ್ಸಿಗೆ ಬಂದು ನನ್ನನ್ನು ಸಾಕಿದವರು. ಬೈದರೆ ಪಕ್ಕದ ಬೀದಿಗೂ ಕೇಳಬೇಕು, ಅಂಥ ಗಂಟಲು. ಜಪಾನಿನಲ್ಲಿ ಅನುವಾದದ ಕೆಲಸಕ್ಕಿದ್ದ ನಾನು ಅಲ್ಲಿಯವನನ್ನೇ ಮದುವೆಯಾಗುತ್ತೇನೆ ಎಂದಾಗ ಅಪ್ಪ ಮಾತು ಬಿಟ್ಟರು. ಅತ್ತೆಯೇ ಅವರನ್ನು ದಬಾಯಿಸಿ, ಪಾಸ್‌ಪೋರ್ಟ್ ಮಾಡಿಸಿ, ವಿಮಾನ ಹತ್ತಿಸಿಕೊಂಡು ಬಂದರು.

ಬಂದಿಳಿದ ಮೇಲೆ ಮಾತ್ರ ಅತ್ತೆಯ ಬಾಯಿ ಕಟ್ಟಿಹೋಯಿತು. ಮದುವೆಗೆ ಮುಂಚೆ ಇಬ್ಬರಿಗೂ ನಾಲ್ಕು ಊರು ತೋರಿಸೋಣವೆಂದು ರಜೆ ಹಾಕಿ ತಿರುಗಿಸಿದೆ. ಬುಲೆಟ್ ರೈಲು, ಕೋಟೆ, ಜಿಂಕೆಗಳು ಓಡಾಡುವ ಉದ್ಯಾನ... ಎಲ್ಲಕ್ಕೂ ಬರೀ ‘ಹ್ಞೂಂ’. ಬೈಗುಳವೂ ಇಲ್ಲ. ಬೈಯದ ಅತ್ತೆಯನ್ನು ನಾನು ಕಂಡೇ ಇರಲಿಲ್ಲ. ಒಂದು ಬೆಳಿಗ್ಗೆ ಹೋಟೆಲಿನ ಕಿಟಕಿಯಾಚೆ ನೋಡುತ್ತಾ, “ನಿನ್ನ ಒಂದ್ ದಡ ಮುಟ್ಟಿಸಿಬಿಟ್ರೆ ನನ್ ಕೆಲ್ಸ ಮುಗೀತು ಕಣೇ. ಆಮೇಲೆ ನಾನಿದ್ರೆಷ್ಟು, ಬಿಟ್ರೆಷ್ಟು” ಎಂದರು. ವಯಸ್ಸಾದವರು ಆಡುವ ಮಾತೇ ಅಲ್ಲವೇ, ರೈಲು ತಪ್ಪುತ್ತದೆಂದು ನಾನು ಅವಸರಪಡಿಸಿದೆ.

ಅವತ್ತು ಹೋದದ್ದು ಹೊಳೆ ದಂಡೆಯ ಒಂದು ಸಣ್ಣ ಊರಿಗೆ. ಹಿಂದಿನ ದಿನ ಮಳೆಯಾಗಿ ನೀರು ಕೆಂಪಗೆ ಉಕ್ಕಿ ಹರಿಯುತ್ತಿತ್ತು. ಮಂಡಿನೋವಿನ ಅಪ್ಪನನ್ನೂ ಅತ್ತೆಯನ್ನೂ ಒಂದು ಬೆಂಚಿನ ಮೇಲೆ ಕೂರಿಸಿ ಚಹಾ ತರಲು ಹೋದೆ. ಮರಳಿದಾಗ ಅಪ್ಪ ತೂಕಡಿಸುತ್ತಿದ್ದರು. ಅತ್ತೆ ಇರಲಿಲ್ಲ.

ಅವರ ಹತ್ತಿರ ಫೋನಿಲ್ಲ, ಆ ಊರಿನ ಒಂದಕ್ಷರ ಗೊತ್ತಿಲ್ಲ. ಕಂಡ ಕಂಡ ಅಂಗಡಿಗೆ ನುಗ್ಗಿ, ಸೀರೆ ಉಟ್ಟವರನ್ನು ನೋಡಿದಿರಾ ಎಂದು ಕೇಳಿದೆ. ಎಲ್ಲರೂ ಮರ್ಯಾದೆಯಿಂದ ತಲೆ ಬಗ್ಗಿಸಿ ಇಲ್ಲ ಎಂದರು. ದಂಡೆಯುದ್ದಕ್ಕೂ ಓಡಿದೆ. ಮುಂದೆ ಒಂದು ಕೆಂಪು ಸೇತುವೆ, ಅದರ ಈ ಬದಿಯಲ್ಲಿ ಜನ ಕಂಬಿಗೆ ಬಾಗಿ ನೀರನ್ನು ನೋಡುತ್ತಿದ್ದರು. ಅವರ ಕಾಲ ಬಳಿ ಅತ್ತೆಯ ಚಪ್ಪಲಿ! ಗೊರಗುಂಟೆಪಾಳ್ಯದಲ್ಲಿ ಬಾರು ಹೊಲಿಸಿದ್ದು, ನಾನು ಬೂಟು ಕೊಡಿಸಿದರೂ ಬಿಡದೆ ಹಾಕಿಕೊಂಡು ಬಂದದ್ದು. ಕಾಲುಚೀಲ ಮಡಚಿ ಒಳಗಿಟ್ಟಿದ್ದರು.

ಆ ದೇಶದಲ್ಲಿ ಜೀವ ಬೇಡವೆಂದುಕೊಂಡವರು ನೀರಿಗಿಳಿಯುವ ಮುಂಚೆ ಹಾಗೆಯೇ ಪಾದರಕ್ಷೆ ಜೋಡಿಸಿಡುತ್ತಾರೆ ಎಂದು ಕೇಳಿದ್ದೆ. ಅಲ್ಲಿ ನಿಂತವರ ಮುಖದಲ್ಲೂ ಅದೇ ಇತ್ತು. ಯಾರೋ ಕರೆಸಿದ್ದ ಪೊಲೀಸಿನವನು, ಚಪ್ಪಲಿ ನಮ್ಮತ್ತೆಯದೆಂದು ತಿಳಿದ ಮೇಲೆ ಬಹಳ ಮೆತ್ತಗೆ, ಬೆಳಿಗ್ಗೆ ಅವರು ಹೇಗಿದ್ದರು, ಏನಾದರೂ ಹೇಳಿದ್ದರಾ ಎಂದು ಕೇಳಿದ. ದಡ ಮುಟ್ಟಿಸಿಬಿಟ್ರೆ ನನ್ ಕೆಲ್ಸ ಮುಗೀತು... ದೇವರೇ! ಆ ಭಾಷೆಯಿಂದಲೇ ಅನ್ನ ತಿನ್ನುತ್ತಿದ್ದ ನನಗೆ ಒಂದು ಪದವೂ ಹೊರಡಲಿಲ್ಲ. ಕುಂಟುತ್ತಾ ಬಂದ ಅಪ್ಪ, “ಏನಂತೆ? ಯಾಕ್ ಅಳ್ತಿದೀಯ?” ಎಂದರು. ಏನೆಂದು ಹೇಳಲಿ? ಅವರ ತೋಳು ಹಿಡಿದುಕೊಂಡು ಆ ಕೆಂಪು ನೀರನ್ನೇ ನೋಡಿದೆ. ಸೀರೆಯ ಬಣ್ಣ ಎಲ್ಲಾದರೂ ಕಂಡೀತೇ ಎಂದು ಹುಡುಕುತ್ತಿದ್ದೆ, ಕಾಣದಿರಲಿ ಎಂದೂ ಬೇಡುತ್ತಿದ್ದೆ.

“ಏನೇ ಇದು, ಇಷ್ಟೊಂದ್ ಜನ? ಯಾರಾದ್ರೂ ಬಿದ್ರಾ?”

ಸೇತುವೆಯ ಆಚೆಯಿಂದ ಅದೇ ಗಂಟಲು. ನೆರಿಗೆ ಎತ್ತಿ ಕಟ್ಟಿ, ಬರಿಗಾಲಲ್ಲಿ ಬರುತ್ತಿದ್ದರು ನಮ್ಮತ್ತೆ. ಓಡಿಹೋಗಿ ತಬ್ಬಿಕೊಂಡೆ. ಚಪ್ಪಲಿ ಯಾಕೆ ಬಿಟ್ಟಿರಿ ಎಂದು ಚೀರಿದೆ.

“ಆಚೆ ಗುಡಿ ಇದೆ ಕಣೇ, ಕಾಣ್ಸಲ್ವಾ? ಸೇತುವೆ ದಾಟಿದ್ರೆ ಅದೇ ಬಾಗ್ಲು. ಚಪ್ಪಲಿ ಮೆಟ್ಕೊಂಡ್ ಹೋಗಕ್ಕಾಗುತ್ತಾ? ನಾಳಿದ್ದು ಮದ್ವೆ, ಈ ಊರ್ ದೇವ್ರಿಗೆ ಒಂದ್ ಮಾತು ಹೇಳ್ಬೇಡ್ವಾ?”

ಏನು ಹೇಳಿದಿರಿ ಎಂದೆ. ಅತ್ತೆ ನನ್ನ ಮುಖ ನೋಡಲಿಲ್ಲ. “ನಮ್ ಹುಡುಗೀನ ಇಲ್ಲಿ ಬಿಟ್ ಹೋಗ್ತಿದೀನಪ್ಪಾ, ನಂಗ್ ಭಯ ಆಗ್ತಿದೆ, ನೋಡ್ಕೋ ಅಂದೆ. ಕನ್ನಡದಲ್ಲೇ ಅಂದೆ” ಎಂದರು. ಅಷ್ಟು ದಿನ ಅವರ ಬಾಯಿ ಕಟ್ಟಿದ್ದು ಆ ಭಯವೇ. ಪೊಲೀಸಿನವನು ಬಗ್ಗಿ ಚಪ್ಪಲಿಯನ್ನು ಅವರ ಕಾಲಿನತ್ತ ತಿರುಗಿಸಿಟ್ಟ. ಅತ್ತೆ ಮೆಟ್ಟಿಕೊಂಡು, ಚಹಾ ಆರಿಸಿಬಿಟ್ಟೆಯಲ್ಲೇ ಎಂದು ನನ್ನನ್ನು ಬೈದರು. ಆ ಬೈಗುಳಕ್ಕೆ ನಾನು ಇನ್ನೂ ಜೋರಾಗಿ ಅಳತೊಡಗಿದೆ.

ಮದುವೆಯಾಗಿ ಕೆಲವು ವರ್ಷಗಳ ಮೇಲೆ ನಾನೂ ನನ್ನ ಗಂಡನೂ ಯಲಹಂಕಕ್ಕೇ ಬಂದು ನೆಲೆಸಿದೆವು. ಕಳೆದ ವರ್ಷ ಅತ್ತೆ ಹೋದರು. ಆಸ್ಪತ್ರೆಯಿಂದ ಜಾಲಹಳ್ಳಿಯ ಮನೆಗೆ ಮರಳಿದಾಗ ಬಾಗಿಲ ಹೊರಗೆ ಅವರ ಚಪ್ಪಲಿ ಜೋಡಿಸಿಟ್ಟ ಹಾಗೇ ಇತ್ತು. ಬಹಳ ಹೊತ್ತು ನೋಡುತ್ತಾ ನಿಂತೆ... ಈ ಸಲ ಆ ಗಂಟಲು ಎಲ್ಲಿಂದಲೂ ಕೇಳಲಿಲ್ಲ.

ಮೊನ್ನೆ ಕೆರೆಯ ಬಳಿಯೂ ನಿಂತೇ ಇದ್ದೆ. ಸ್ವಲ್ಪ ಹೊತ್ತಿಗೆ ಮರದ ಮರೆಯಿಂದ ಒಬ್ಬ ಹೆಂಗಸು ಅರಿಶಿನ ಕುಂಕುಮದ ತಟ್ಟೆ ಹಿಡಿದು ಬಂದರು. “ಯಾಕಮ್ಮಾ, ಏನ್ ನೋಡ್ತಿದೀರಾ?” ಎಂದರು. ಏನಿಲ್ಲ ಎಂದೆ. ಅವರು ಚಪ್ಪಲಿ ಮೆಟ್ಟಿಕೊಂಡು ಹೊರಡುವವರೆಗೂ ನಾನು ಅಲ್ಲಿಂದ ಕದಲಲಿಲ್ಲ.