ಗುಂಡಿಗೆ ಅಡ್ಡ ಬಿದ್ದವನು

ರೇವಣ್ಣ ಹೇಡಿ. ಕಸದ ಗ್ಯಾಸಿನಿಂದ ಕರೆಂಟು ತೆಗೆಯುವ ಘಟಕದಲ್ಲಿ ಒಂಬತ್ತು ವರ್ಷದಿಂದ ಎಂಜಿನ್ ನೋಡಿಕೊಳ್ಳುತ್ತಿರುವ ಈ ಮನುಷ್ಯ ಎದೆಗೆ ಗ್ಯಾಸ್ ಮೀಟರ್ ಸಿಕ್ಕಿಸಿಕೊಳ್ಳದೆ ಶೆಡ್ಡಿನಿಂದ ಆಚೆ ಕಾಲಿಡುವುದಿಲ್ಲ. ವಿಷಗಾಳಿ ಸುಳಿದು ಅದು ಒಮ್ಮೆ ಕಿರುಚಿದರೆ ಎಂಜಿನ್ ನಿಲ್ಲಿಸಿ ಬೇಲಿಯಾಚೆ ಓಡುತ್ತಾನೆ. ಕುರಿ ಮೇಯಿಸುವ ಪುಟ್ಟಮಾದಮ್ಮ ಅದನ್ನು ಕಂಡು ಬಿದ್ದು ಬಿದ್ದು ನಕ್ಕವಳು. ಮಳವಳ್ಳಿ ಹೊರಗಿನ ಆ ಹಳೆಯ ಕಸದ ಗುಡ್ಡಕ್ಕೆ ಮಣ್ಣು ಹೊದಿಸಿದ ಮೇಲೆ ಹುಲ್ಲು ಸೊಗಸಾಗಿ ಬಂದಿತ್ತು. ರೇವಣ್ಣ ಎಷ್ಟು ಬೈದರೂ ಅವಳು ಬೇಲಿಯ ಸಂದಿಯಿಂದ ಕುರಿ ನುಗ್ಗಿಸುತ್ತಿದ್ದಳು.

ಆ ಮಂಗಳವಾರ ಅವಳ ಬಂಡೂರು ಟಗರು, ಗ್ಯಾಸ್ ಪೈಪುಗಳ ನೀರು ಬಸಿಯುವ ಗುಂಡಿಯ ಮೇಲೆ ಹತ್ತಿತು. ತುಕ್ಕು ಹಿಡಿದ ಮುಚ್ಚಳ ಕುಸಿಯಿತು. ಎರಡಾಳು ಆಳ. ಟಗರು ಎರಡು ಸಲ ಅರಚಿತು. ಮೂರನೆಯದು ಕೇಳಲಿಲ್ಲ.

ಅವಳ ಗಂಡ ಚೌಡಯ್ಯ ಪಂಚೆ ಎತ್ತಿ ಕಟ್ಟಿ ಇಳಿಯಲು ಹೊರಟ. ಎಲ್ಲಿದ್ದನೋ ರೇವಣ್ಣ, ಓಡಿ ಬಂದು ಅವನ ಕೆನ್ನೆಗೆ ಬಾರಿಸಿ, ಗುಂಡಿಯ ಬಾಯಿಗೆ ಅಡ್ಡ ಬಿದ್ದುಕೊಂಡ.

“ಏಳ್ಲಾ ಮ್ಯಾಕೆ! ನನ್ ಟಗರು ಸಾಯ್ತದೆ!” ಎಂದು ಪುಟ್ಟಮಾದಮ್ಮ ಕಿರುಚಿದಳು.

“ಸತ್ತೋಯ್ತು ಕಣವ್ವ.”

“ನೀನೂ ಒಬ್ಬ ಗಂಡಸೇನ್ಲಾ? ನೀನೂ ಇಳಿಯಾಕಿಲ್ಲ, ಇಳಿಯೋನ್ನೂ ಬುಡಾಕಿಲ್ಲ!”

ರೇವಣ್ಣ ಮೀಟರನ್ನು ದಾರಕ್ಕೆ ಕಟ್ಟಿ ಇಳಿಬಿಟ್ಟ. ಮೊಳದಷ್ಟು ಇಳಿಯುವಷ್ಟರಲ್ಲಿ ಅದು ಕೆಂಪಗೆ ಉರಿದು ಒಂದೇ ಸಮನೆ ಕಿರುಚಿಕೊಂಡಿತು.

“ಒಳಗೆ ಉಸಿರಾಡೋ ಗಾಳೀನೇ ಇಲ್ಲ. ಇಳಿದಿದ್ರೆ ನಿನ್ ಗಂಡನ್ಗೆ ಕೂಗೋಕೂ ಆಯ್ತಿರ್ನಿಲ್ಲ.”

ಪುಟ್ಟಮಾದಮ್ಮ ಬಗ್ಗಿ ನೋಡಿದಳು. ಟಗರಿನ ಕಾಲು ನಾಲ್ಕೂ ಸೆಟೆದು ಮೇಲಕ್ಕೆ ನಿಂತಿದ್ದವು. ಅವಳ ಕಣ್ಣು ಗಂಡನ ಬರಿಗಾಲಿನ ಮೇಲೆ ಬಿತ್ತು. ಅವನ ಪಂಚೆ ಹಿಡಿದು ಗುಂಡಿಯಿಂದ ಹಿಂದಕ್ಕೆ ಎಳೆದಳು.

“ಮಣ್ಣಾದ್ರೂ ಮಾಡ್ತೀನಿ, ಎತ್ಕೊಡು” ಎಂದಳು.

ರೇವಣ್ಣ ಬೈಯುತ್ತಾನೆಂದುಕೊಂಡಿದ್ದಳು. ಅವನು ಬ್ಲೋವರ್ ತಂದು ಮಧ್ಯಾಹ್ನದವರೆಗೂ ಗುಂಡಿಗೆ ಗಾಳಿ ಊದಿಸಿದ. ಮೂರು ಸಲ ಮೀಟರ್ ಇಳಿಸಿ ನೋಡಿದ. ಮೂರನೆಯ ಸಲ ಅದು ಸುಮ್ಮನಿತ್ತು. ಏಣಿ ಇಳಿಬಿಟ್ಟು, ತನ್ನ ಸೊಂಟಕ್ಕೆ ಹಗ್ಗ ಬಿಗಿದು, ಇನ್ನೊಂದು ತುದಿಯನ್ನು ಕಂಬಕ್ಕೆ ಒಂದು ಸುತ್ತು ಸುತ್ತಿದ. ಚೌಡಯ್ಯ ಹಗ್ಗ ಹಿಡಿಯಲು ಕೈ ಚಾಚಿದ.

“ನಿನ್ಗಲ್ಲ ಕಣ್ಲಾ. ನಾನು ಬಿದ್ರೆ ನೀನೂ ಹಿಂದ್ಗುಟ್ಟೇ ಹಾರ್ಬುಡ್ತೀಯ.” ಹಗ್ಗವನ್ನು ಪುಟ್ಟಮಾದಮ್ಮನ ಕೈಗಿಟ್ಟ. “ನೀನು ನನ್ಗೋಸ್ಕರ ಹಾರಾಕಿಲ್ಲ. ನನ್ಗೆ ಅದೇ ಧೈರ್ಯ ಕಣವ್ವ. ಜಗ್ಗಿದ್ರೆ ಎಳೀಬೇಕು, ಅಷ್ಟೇಯ.”

ಮೀಟರನ್ನು ಮತ್ತೆ ಎದೆಗೆ ಸಿಕ್ಕಿಸಿಕೊಂಡು, ಸೊಂಟದ ಗಂಟನ್ನು ಇನ್ನೊಮ್ಮೆ ಎಳೆದು ನೋಡಿದ. ಆಮೇಲೆ ಏಣಿಯ ಮೊದಲ ಮೆಟ್ಟಿಲಿಗೆ ಕಾಲಿಟ್ಟ.