ನಾಲ್ಕನೆಯ ಗೆರೆ

ದೆವ್ವ, ಶಕುನ ಎನ್ನುವವರನ್ನು ನಾನು ಗೇಲಿ ಮಾಡುತ್ತಿದ್ದೆ. ಸೈನ್ಸ್ ಮೇಷ್ಟ್ರಲ್ಲವೇ, ಜಂಬ! ಈಗ ನಾಲಗೆ ಏಳುವುದಿಲ್ಲ.

ಐವತ್ತರ ದಶಕದ ಕೊನೆಯ ಮಾತು. ನಾನು ಶಿಕಾರಿಪುರದ ಹೈಸ್ಕೂಲಿನಲ್ಲಿ, ಅಕ್ಕನ ಗಂಡ ಸೊರಬದಲ್ಲಿ, ಇಬ್ಬರೂ ಮೇಷ್ಟ್ರು. ಹೈಡ್ರೋಜನ್ ತುಂಬಿದ ಗಾಜಿನ ಕೊಳವೆ ಇಬ್ಬರಿಗೂ ಸೇರಿ ಒಂದೇ. ಭಾವ ಅದನ್ನು ಪಂಚೆಯಲ್ಲಿ ಸುತ್ತಿ, ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ತರುತ್ತಿದ್ದರು. ಪಾಠದಲ್ಲಿ ಇಲ್ಲದಿದ್ದರೂ ಹುಡುಗರಿಗೆ ತೋರಿಸಲೇಬೇಕು. ಕಿಟಕಿಗೆ ಕಂಬಳಿ ಕಟ್ಟಿ, ಬ್ಯಾಟರಿಗೆ ವೋಲ್ಟೇಜ್ ಏರಿಸುವ ಸುರುಳಿ ಜೋಡಿಸಿ, ಉರಿಯುವ ಕೊಳವೆಯನ್ನು ಪ್ರಿಸಂ ಮೂಲಕ ನೋಡಿದರೆ ಬಿಡಿಬಿಡಿ ಬಣ್ಣದ ಗೆರೆಗಳು. ಪರಮಾಣುವಿನೊಳಗೆ ಎಲೆಕ್ಟ್ರಾನು ಶಕ್ತಿಯ ಮೇಲಿನ ಮೆಟ್ಟಿಲೊಂದರಿಂದ ಎರಡನೆಯದಕ್ಕೆ ಇಳಿದರೆ ಒಂದೊಂದು ಬಣ್ಣ; ಗೆರೆಯ ಜಾಗ ಅಳೆದರೆ ಆ ಮೆಟ್ಟಿಲಿನ ಎತ್ತರ ಸಿಗುತ್ತದೆ. ಕೆಂಪು, ಹಸಿರುನೀಲಿ, ನೇರಳೆ. ನಾಲ್ಕನೆಯ ಗೆರೆ, ಆರನೆಯ ಮೆಟ್ಟಿಲಿನದು, ಕಡುನೇರಳೆ, ತೀರ ಮಸುಕು. ಭಾವ ಅದರ ಜಾಗವನ್ನು ಲೆಕ್ಕ ಹಾಕಿಟ್ಟಿದ್ದರು. ಆದರೆ ಕಣ್ಣಿಗೆ ಪೊರೆ ಬಂದಿತ್ತು.

"ನಿಂಗೆ ನಾಲ್ಕನೇದು ಕಾಣ್ತದೇನೋ ಮಾರಾಯ?"

"ಇಲ್ಲ ಭಾವ, ಮೂರೇ."

ನನಗೆ ಚೆನ್ನಾಗಿಯೇ ಕಾಣುತ್ತಿತ್ತು. ಹುಡುಗರಿಗೂ. ಆದರೆ ಮೇಷ್ಟ್ರಿಗೆ ಕಾಣದ್ದು ತನಗೆ ಕಂಡಿತು ಎನ್ನುವ ಹುಡುಗ ಆ ಕಾಲದಲ್ಲಿ ಎಲ್ಲಿದ್ದ? "ಮೂರೇ ಸಾರ್" ಎನ್ನುತ್ತಿದ್ದರು. ಕೊಳವೆಯೇ ಸರಿಯಿಲ್ಲವೆಂದು ಭಾವ ಅದನ್ನು ಒರೆಸುತ್ತ ಕೂರುತ್ತಿದ್ದರು. "ರಿಟೈರ್ ಆಗೋದ್ರೊಳಗೆ ಒಂದ್ಸಲ ಕಂಡ್ರೆ ಸಾಕು" ಎನ್ನುತ್ತಿದ್ದರು. ಆದರೂ ನಾನು ಮೂರೇ ಎನ್ನುತ್ತಿದ್ದೆ.

ಪೊರೆ ತೆಗೆಸಿಕೊಂಡು, ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಭಾವ ಸೊರಬದ ಮನೆಯಲ್ಲಿ ಮಲಗಿದ್ದರು; ಕೊಳವೆ ನನ್ನ ಬಳಿಯೇ ಇತ್ತು. ಒಂದು ಶುಕ್ರವಾರ ಮಧ್ಯಾಹ್ನ ನಾನೊಬ್ಬನೇ ಶಾಲೆಯಲ್ಲಿ ಕೊಳವೆ ಹಚ್ಚಿ ನೋಡುತ್ತಿದ್ದೆ. ನಾಲ್ಕೂ ಗೆರೆ ಇದ್ದವು. ನೋಡನೋಡುತ್ತಿದ್ದಂತೆ ಕೊನೆಯದು ಆರಿಹೋಯಿತು. ಉಳಿದ ಮೂರು ಹಾಗೆಯೇ ಇದ್ದವು. ಕಣ್ಣುಜ್ಜಿಕೊಂಡೆ, ತಂತಿ ಬಿಗಿ ಮಾಡಿದೆ. ಊಹೂಂ.

ಭಾನುವಾರ ಸೊರಬಕ್ಕೆ ಹೋದೆ. ಅಕ್ಕ ಬಾಗಿಲಲ್ಲೇ ಹೇಳಿದಳು: "ಶುಕ್ರವಾರ ಮಧ್ಯಾಹ್ನ ಪಟ್ಟಿ ಇರುವಾಗ್ಲೇ ಎದ್ದು ಕೂತ್ಬಿಟ್ರು ಕಣೋ. ನಾಲ್ಕನೇ ಗೆರೆ ಕಾಣ್ತು, ಕಾಣ್ತು ಅಂತ ಒಂದೇ ಸಮ!"

ಒಳಗೆ ಭಾವ ನನ್ನ ಕೈಯನ್ನು ತಡಕಿ ಹಿಡಿದರು. "ಎಷ್ಟು ಚಂದ ಇತ್ತೋ! ನಿಂಗೆ ಮೊದಲಿಂದ್ಲೂ ಕಾಣ್ತಿತ್ತು, ಅಲ್ದಾ?"

ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅಂದಿನಿಂದ ಆ ಗೆರೆ ನನಗೆ ಮತ್ತೆ ಕಂಡಿಲ್ಲ. ಕಣ್ಣಿನ ಡಾಕ್ಟರು ಏನೂ ದೋಷವಿಲ್ಲ ಎಂದರು. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರಲ್ಲ, ಅದಿರಬಹುದೇ? ಸೈನ್ಸ್ ಮೇಷ್ಟ್ರಾಗಿ ಹಾಗೆನ್ನಲಾರೆ, ಬೇರೆ ಕಾರಣವೂ ಹೊಳೆಯುತ್ತಿಲ್ಲ. ಈಗಲೂ ಹುಡುಗರಿಗೆ ಕೊಳವೆ ಹಚ್ಚಿ ತೋರಿಸುತ್ತೇನೆ. ಎಷ್ಟು ಗೆರೆ ಕಾಣುತ್ತವೆ ಎಂದು ಕೇಳಿದರೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೇಳುತ್ತಾರೆ:

"ಮೂರೇ ಸಾರ್."