ಗೂಡಿನ ಜಾಗಕ್ಕೆ ಹಾಕಿದ ಟಿಕ್

ದಾಂಡೇಲಿಯಲ್ಲಿ ಹಕ್ಕಿ ನೋಡುವ ಹುಚ್ಚಿನವರು ಸೇರಿ ಒಂದು ವೆಬ್‌ಸೈಟ್ ಮಾಡಿದ್ದೆವು. ಅದರ ಕಂಪ್ಯೂಟರ್ ಕೆಲಸ ನನ್ನದು, ಕಾಡು ತಿರುಗುವ ಕೆಲಸ ಕಾಕಾರದು. ಕಾಕಾ ನಮ್ಮಪ್ಪನ ಜೊತೆ ಮಿಲ್ಲಿನಲ್ಲಿ ದುಡಿದು ನಿವೃತ್ತರಾದವರು. ಮಂಗಟ್ಟೆ ಹಕ್ಕಿಯ ಗೂಡುಗಳನ್ನು ಅವರಷ್ಟು ಬಲ್ಲವರು ಈ ಕಡೆ ಇಲ್ಲ. ಅಂಬಿಕಾನಗರದ ರಸ್ತೆಯ ಯಾವ ತಿರುವು, ಯಾವ ಮರ ಎಂದು ಅವರು ಹೇಳಿದ್ದನ್ನು ಸೈಟಿನ ಒಳಗೆ, ಹೊರಗಿನವರಿಗೆ ಕಾಣದ ಒಂದು ಕಾಲಂನಲ್ಲಿ ಬರೆದಿಡುತ್ತಿದ್ದೆ. ಜಾಗ ಬಯಲಾದರೆ ಗೂಡು ಕೆಡುತ್ತದೆ ಎಂಬುದು ನಮಗೆಲ್ಲ ಗೊತ್ತು.

ಹೋದ ವರ್ಷ ನಮ್ಮ ಪಟ್ಟಿ ಮೊಬೈಲ್ ಆ್ಯಪಿನಲ್ಲೂ ಕಾಣಲಿ ಎಂದು ಸೈಟಿಗೆ ಗ್ರಾಫ್‌ಕ್ಯೂಎಲ್ ಪ್ಲಗಿನ್ ಹಾಕಿದೆ. ಕೇಳಿದ ಮಾಹಿತಿಯನ್ನು ಎತ್ತಿ ಹೊರಗೆ ಕೊಡುವ ಕಿಟಕಿ ಅದು. ಏನು ಕೊಡಬೇಕು, ಏನು ಬೇಡ ಎಂಬುದಕ್ಕೆ ಸೆಟ್ಟಿಂಗ್ಸಿನಲ್ಲಿ ಕಾಲಂಗೊಂದು ಟಿಕ್. ಲಾಗಿನ್ ಆದವರಿಗೆ ಮಾತ್ರ ಕೊಡು ಎಂಬ ಟಿಕ್ ಇದ್ದರೆ ಆ್ಯಪ್ ತಕರಾರು ಮಾಡುತ್ತಿತ್ತು, ತೆಗೆದೆ. ಉಳಿದವನ್ನು ಒಂದೊಂದಾಗಿ ನೋಡುವ ತಾಳ್ಮೆ ನನಗೆಲ್ಲಿಯದು? ಎಲ್ಲಕ್ಕೂ ಒಮ್ಮೆಲೇ ಟಿಕ್ ಹಾಕಿ, ಆಮೇಲೆ ಹೆಸರಿಗೆ ಮಾತ್ರ ಕಾಕಾರಿಗೊಂದು ಫೋನ್ ಮಾಡಿದೆ.

"ಕಾಕಾ, ಗೂಡಿನ ಜಾಗಾನೂ ತೋರಸ್ಲೇನ್ರಿ?"

"ಇರ್ಲಿ ಬಿಡವಾ."

ನಮ್ಮ ಕಡೆ ಹಾಗೆಂದರೆ ಬೇಡ ಎಂದೇ ಅರ್ಥ. ಮನೆಗೆ ಬಂದವರಿಗೆ ಇನ್ನೊಂದು ಕಪ್ ಚಹಾ ಬೇಕಾ ಎಂದರೂ ಹಾಗೇ ಅನ್ನುತ್ತಾರೆ. ನಾನೇನು ಹೊರಗಿನವಳಲ್ಲ. ಆದರೂ 'ಇರಲಿ' ಎಂಬುದನ್ನಷ್ಟೇ ಹಿಡಿದುಕೊಂಡು ಟಿಕ್ಕನ್ನು ಇದ್ದಲ್ಲೇ ಬಿಟ್ಟೆ. ನನ್ನ ಸೋಮಾರಿತನಕ್ಕೆ ಬೇಕಾದ ಹಾಗೆ ಕೇಳಿಸಿಕೊಂಡೆ, ಅಷ್ಟೇ.

ಎಂಟು ದಿನದೊಳಗೆ, ಆ್ಯಪಿನಲ್ಲಿ ಜಾಗ ನೋಡಿಕೊಂಡು, ಒಂದು ಗೂಡಿನ ಮರದ ಕೆಳಗೆ ಕ್ಯಾಮೆರಾದವರು ನೆರೆದರು. ಪೊಟರೆಯ ಬಾಯಿ ಮುಚ್ಚಿಕೊಂಡು ಒಳಗೆ ಕೂತ ಹೆಣ್ಣಿಗೆ ಗಂಡು ಹಕ್ಕಿಯೇ ಹಣ್ಣು ತಂದುಕೊಡಬೇಕು. ಜನರನ್ನು ಕಂಡು ಅದು ಹತ್ತಿರ ಸುಳಿಯಲಿಲ್ಲ. ಕೊನೆಗೆ ಹೆಣ್ಣು ಪೊಟರೆಯ ಮುಚ್ಚಳ ಒಡೆದು ಹಾರಿಹೋಯಿತು, ಮರಿ ಉಳಿಯಲಿಲ್ಲ.

ಕಾಕಾ ಮನೆಗೆ ಬಂದರು. ಅಷ್ಟರಲ್ಲಿ ಟಿಕ್ ತೆಗೆದಿದ್ದೆ, ಆದರೆ ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ.

"ಮಷೀನ್ ಏನೋ ಗಡಬಡ ಮಾಡೇತಿ ಅಂತ ಎಲ್ಲಾರಿಗೂ ಹೇಳೇನಿ. ನೀ ಮನಸಿಗೆ ಹಚ್ಕೋಬ್ಯಾಡ," ಅಂದರು.

ನಾಚಿಕೆಯಿಂದ ಭೂಮಿಗಿಳಿದುಹೋದೆ. ಹಾಗಿದ್ದೂ ಹೌದೆಂದು ತಲೆಯಾಡಿಸಿದೆ.

ಈ ವರ್ಷ ಅವರು ಮತ್ತೆ ಬಂದಿದ್ದರು. ಒಂದು ಜೋಡಿ ಬೇರೆ ಮರ ಹಿಡಿದಿದೆಯಂತೆ. ಹೆಂಡತಿಗೂ ಹೇಳಿಲ್ಲವಂತೆ.

"ಬರಕೋ ತಂಗಿ. ನಿನ್ನ ಕಡೆ ಇದ್ರ ಚಿಂತಿಲ್ಲ."

ಬರೆದುಕೊಂಡೆ. ಆ ಟಿಕ್ ಹಾಕಿದ್ದು ನಾನೇ ಎಂದು ಆಗಲೂ ಹೇಳಲಿಲ್ಲ.